ಕೆಂಪು ಅರಿವೆಯ ಕೆಳಗಿನ ಬಾಕ್ಸ್

ಟಿವಿಯ ಚಿತ್ರ ಪರೀಕ್ಷಿಸುವಾಗ ಅವರು ಎಡಗಣ್ಣು ಮುಚ್ಚುತ್ತಿದ್ದರು. ಬೆಸುಗೆಯ ಕಿಡಿ ಹಾರಿ ಆ ಕಣ್ಣಿನ ರೆಪ್ಪೆಗೂದಲು ಎಂದೋ ಸುಟ್ಟುಹೋಗಿತ್ತು. ಸ್ವಲ್ಪ ಹೊಗೆ ತಾಗಿದರೂ ನೀರು ಸುರಿಯುತ್ತಿತ್ತು. ಬಲಗಣ್ಣೊಂದನ್ನೇ ಅಗಲವಾಗಿ ತೆರೆದು, ಪರದೆಯಿಂದ ಒಂದು ಗೇಣು ದೂರದಲ್ಲಿ ಮುಖವಿಟ್ಟು, ವಾರ್ತೆ ಓದುವವಳ ಸೀರೆಯ ಅಂಚು ಸರಿಯಾಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ನೋಡಿ ಮುಗಿಯುವತನಕ ಮಾತಿಲ್ಲ.

ಮಹಾರಾಷ್ಟ್ರದ ಸಂಭಾಜಿನಗರದ ಹೊರಗೆ, ವಾಳೂಜ್‌ನ ಕಾರ್ಖಾನೆಗಳ ಪಕ್ಕದ ಬೀದಿಯಲ್ಲಿ ಅವರ ಟಿವಿ ರಿಪೇರಿ ಅಂಗಡಿ. ಬೀದಿಗೆಲ್ಲ ಅವರು ಕಾಕಾ. ಊರು ಗದಗಿನ ಕಡೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ನನಗೆ ಆ ಬೀದಿಯಲ್ಲಿ ಕನ್ನಡದ ಮನೆ ಎರಡೇ: ಅವರದು, ಮತ್ತು ನಾನು ಇಳಿದುಕೊಂಡಿದ್ದ ನನ್ನ ಅಕ್ಕನದು. ಅಕ್ಕನ ಗಂಡ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆದಾರರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ.

ಸೆಟ್ ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ನಡೆಯದು ಎಂಬ ಆದೇಶ ಬಂದ ವರ್ಷ ಅದು. ಕೇಬಲ್‌ನವನು ಮನೆಮನೆಗೆ ಎಚ್‌ಡಿ ಬಾಕ್ಸ್ ಹೊತ್ತು ತರುತ್ತಿದ್ದ. ಸಾದಾ ಬಾಕ್ಸಿನ ಎರಡು ಪಟ್ಟು ಬೆಲೆ. ಕಾಕಾ ಒಪ್ಪಲಿಲ್ಲ. "ತುಟ್ಟೀದು ಸುಳ್ಳಲ್ರಿ. ಆದ್ರ ಅದನ್ನ ತೋರ್ಸೋ ಟಿವಿ ನಿಮ್ಮ ಮನ್ಯಾಗ ಇಲ್ಲ. ಹಳೇ ಟಿವಿಗೆ ಎರಡೂ ಒಂದ" ಎನ್ನುತ್ತಿದ್ದರು. ನಂಬದವರಿಗೆ ಪರೀಕ್ಷೆ ಇಡುತ್ತಿದ್ದರು. ಒಂದೇ ತರಹದ ಎರಡು ಹಳೆಯ ಟಿವಿ. ಒಂದಕ್ಕೆ ಸಾದಾ ಬಾಕ್ಸ್, ಇನ್ನೊಂದಕ್ಕೆ ಎಚ್‌ಡಿ. ಎರಡು ಬಾಕ್ಸಿನ ಮೇಲೂ ಕೆಂಪು ಅರಿವೆ. "ಕಂಡಷ್ಟ ಹೇಳ್ರಿ. ಆಮ್ಯಾಲ ಅರಿವಿ ತೆಗೀತೇನಿ."

ಒಂದು ಭಾನುವಾರ ಸಂಜೆ ಮಾಮಾ ಪರೀಕ್ಷೆಗೆ ನಿಂತರು. ಹಿಂದಿನ ವಾರವಷ್ಟೇ ಎಚ್‌ಡಿ ಬಾಕ್ಸ್ ಕೊಂಡು ಬೀದಿಗೆಲ್ಲ ಸಾರಿದ್ದರು. ಎಡಗಡೆಯ ಟಿವಿಗೆ ಬೆರಳು ಮಾಡಿ, "ಇದ ತುಟ್ಟೀದು. ಕುರುಡನೂ ಹೇಳ್ಯಾನು" ಎಂದರು. ಅರಿವೆ ಸರಿಯಿತು. ಸಾದಾ ಬಾಕ್ಸ್. ಮೊದಲು ನಕ್ಕವನು ನಾನು. ಆಮೇಲೆ ಇಡೀ ಬೀದಿ ನಕ್ಕಿತು. ಅಲ್ಲೇ ಇದ್ದ ಕೇಬಲ್‌ನವನು ಕೆಂಡವಾಗಿ, "ಕಾಕಾ, ದುಕಾನ್ ಫೋಡೂನ್ ಟಾಕೀನ್" ಎಂದ. ಅಂಗಡಿ ಒಡೆಯುತ್ತೇನೆಂಬ ಆ ಮಾತು ಎಲ್ಲರ ಕಿವಿಗೂ ಬಿತ್ತು.

ಮರುದಿನ ಬೆಳಿಗ್ಗೆ ಬೇರೆ ಗಿರಾಕಿ ಇರಲಿಲ್ಲ. ನಾನು ರಿಪೇರಿಯಾದ ರಿಮೋಟ್ ತೆಗೆದುಕೊಳ್ಳುತ್ತಿದ್ದೆ. ಮಾಮಾ ತಮ್ಮ ಬಾಕ್ಸ್ ಹಿಡಿದು ಬಂದರು.

"ವಾಪಸ್ ಕೊಡಾಕ ಹೊಂಟೀರೇನ್ರಿ?" ಎಂದು ಕಾಕಾ ಎದ್ದುನಿಂತರು.

ಮಾಮಾ ಎರಡೂ ಕೈಯಲ್ಲಿ ಬಾಕ್ಸ್ ಎತ್ತಿದರು. ಮೊದಲ ಏಟು ಹಣೆಗೆ. ಎರಡನೆಯದಕ್ಕೆ ತಗಡಿನ ಮೂಲೆ ಬಲಗಣ್ಣಿಗೆ ಇಳಿಯಿತು. ಹಸಿ ತೆಂಗಿನಕಾಯಿ ಬಿರಿದಂಥ ಸದ್ದು. ಮೂರನೆಯದು ಕಣ್ಣು ಮುಚ್ಚಿದ ಕೈಬೆರಳುಗಳ ಮೇಲೆ. "ನಗತೀಯೇನ? ನಗು ಈಗ!" ಬಿದ್ದವರ ಪಕ್ಕೆಗೆ ಎರಡು ಸಲ ಒದ್ದು, ಬಾಕ್ಸ್ ಎಸೆದು ಹೊರಟರು. ಕಾಕಾ ಹಿಂದಿನ ದಿನ ನಕ್ಕೇ ಇರಲಿಲ್ಲ.

ಎದುರಿನಿಂದ ಓಡಿ ಬಂದವನು ಕೇಬಲ್‌ನವನು. ಅವರನ್ನು ಹೆಗಲಿಗೆ ಹಾಕಿಕೊಂಡು ರಿಕ್ಷಾ ಹತ್ತಿಸಿದ. ನಾನು ರಿಮೋಟ್ ಹಿಡಿದು ನಿಂತೇ ಇದ್ದೆ.

ಬೆದರಿಕೆ ಹಾಕಿದ್ದವನು ಅವನು. ರಕ್ತ ಇದ್ದದ್ದೂ ಅವನ ಅಂಗಿಯ ಮೇಲೆ. ಪೊಲೀಸರು ಅವನನ್ನೇ ಒಯ್ದರು. ಅಕ್ಕ ನನ್ನ ಕೈ ಹಿಡಿದು, "ನನ್ನ ಮಕ್ಕಳ ಮಾರಿ ನೋಡೋ. ನೀ ಏನೂ ನೋಡಿಲ್ಲ" ಎಂದಳು. ಠಾಣೆಯಲ್ಲಿ ನಾನು ಬೆನ್ನು ತಿರುಗಿಸಿ ನಿಂತಿದ್ದೆನೆಂದು ಬರೆಸಿದೆ. ಒಳಕೋಣೆಯಲ್ಲಿ ಬೆಲ್ಟಿನ ಏಟು ಬೀಳುತ್ತಿತ್ತು. ಹನ್ನೊಂದರವರೆಗೆ ಎಣಿಸಿದೆ. ಪ್ರತಿ ಏಟಿಗೂ ಅವನು "ಮೀ ನಾಹೀ", ನಾನಲ್ಲ, ಎನ್ನುತ್ತಿದ್ದ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಕಾಕಾಗೆ ಎಚ್ಚರವಾಯಿತು. ಬಲಗಣ್ಣನ್ನು ವೈದ್ಯರು ತೆಗೆದುಹಾಕಿದ್ದರು. ಯಾರನ್ನು ಹಿಡಿದಿದ್ದಾರೆಂದು ಹೇಳಿದೆ. ನನ್ನನ್ನೇ ದಿಟ್ಟಿಸಿದರು.

"ಅವಾ ಅಲ್ಲಂತ ನಿಮಗ ಗೊತ್ತೈತಿ."

"ನನ್ನ ಅಕ್ಕನ ಮನಿ ಅದು, ಕಾಕಾ."

"ಪೊಲೀಸರು ಬಂದ್ರ ನಾ ಹೇಳಾವನ. ಅದಕ್ಕ ಮೊದಲ ನೀವ ಹೋಗಿ ಹೇಳ್ರಿ. ಅಲ್ಲಿ ಹುಡುಗ ಸಾಯಾಕತ್ತಾನ. ಅರಿವಿ ತೆಗೀರಿ, ಸಾಹೇಬ್ರ."

ಹೋಗಿ ಹೇಳಿದೆ. ಆ ಸಂಜೆ ಕೇಬಲ್‌ನವನು ಹೊರಬಂದ, ಮಾಮಾ ಒಳಹೋದರು. ಅಕ್ಕ ನನ್ನ ಹಾಸಿಗೆ, ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ತಂದಿಟ್ಟಳು. ಇಂದಿಗೂ ನನ್ನೊಡನೆ ಮಾತಿಲ್ಲ.

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಂದೆ ವರ್ಗವಾಗಿ ಹೋದ ನಾಶಿಕದಲ್ಲಿ ತಿಳಿಯಿತು. ಫೋನ್ ಮಾಡಿದವನು ಆ ಕೇಬಲ್‌ನವನೇ. ಹೆಣಕ್ಕೆ ಹೆಗಲು ಕೊಟ್ಟು ಬಂದೆ ಎಂದ.

ನಾಶಿಕಕ್ಕೆ ಹೊರಡುವ ಮುನ್ನ ಅಂಗಡಿಗೆ ಹೋಗಿದ್ದೆ. ಎಡಗಣ್ಣನ್ನು ಪರದೆಗೆ ಹಚ್ಚಿ ಕುಳಿತಿದ್ದರು. ಕೆನ್ನೆಯ ಮೇಲೆ ನೀರು. "ಇಷ್ಟು ವರ್ಷ ಕುಂತ ಉಂಡೈತ್ರಿ ಇದು. ಈಗರ ದುಡೀಲಿ" ಎಂದು ನಕ್ಕರು.

ಹೇಳಲೇಬೇಕಾಗಿದ್ದನ್ನು ಆಗ ಹೇಳಿದೆ. "ಕಾಕಾ, ಅವತ್ತು ಮೊದಲು ನಕ್ಕಾಂವ ನಾನು."

ಅವರು ಪರದೆಯಿಂದ ಮುಖ ತಿರುಗಿಸಲಿಲ್ಲ.

"ಗೊತ್ತೈತಿ. ನನ್ನ ಕಿವಿ ಎರಡೂ ಚೊಲೋ ಅದಾವ."