ಮೂಟೆ ಹೊರುವವನ ಅಕಾರ್ಡಿಯನ್

ಗೋದಾಮಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಕ್ರೇನ್’ ಎಂದು. ಮೂವತ್ತೈದು ವರ್ಷ ಬೆನ್ನ ಮೇಲೆ ಮೂಟೆ ಹೊತ್ತವನು. ವಯಸ್ಸು ಐವತ್ತೆಂಟು. ಎರಡು ತಿಂಗಳಿಂದ ಎಡ ಭುಜ ಕೈಕೊಟ್ಟಿತ್ತು. ಮೇಸ್ತ್ರಿಗೆ ಗೊತ್ತಾದರೆ ಮಾರನೇ ದಿನವೇ ಗೇಟಿನ ಹೊರಗೆ. ಹೆಂಡತಿಗೆ ಗೊತ್ತಾದರೆ ಅವಳೇ ಹೋಗಿ ಮೇಸ್ತ್ರಿಯ ಮುಂದೆ ನಿಂತು ಹೇಳಿಬಿಡುವವಳು. ಹಾಗಾಗಿ ತುಟಿ ಬಿಚ್ಚದೆ, ಮೂಟೆಯನ್ನು ಬಲಕ್ಕೆ ವಾಲಿಸಿಕೊಂಡು ದಿನ ತಳ್ಳುತ್ತಿದ್ದ.

ಇಂಥವನಿಗೆ ಅಕಾರ್ಡಿಯನ್ ಹುಚ್ಚು, ಎದೆಗೆ ಕಟ್ಟಿಕೊಂಡು ನುಡಿಸುವ ಹಾರ್ಮೋನಿಯಂನಂಥ ಪೆಟ್ಟಿಗೆಯದು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕ್ಷೌರಿಕ ಗಿರಾಕಿಯ ಕುರ್ಚಿಯಲ್ಲೇ ಕೂತು ನುಡಿಸುತ್ತಿದ್ದುದು ಇನ್ನೂ ಕಿವಿಯಲ್ಲಿತ್ತು. “ಎಷ್ಟು ವರ್ಷ ಇದೇ ರಾಗ ಎಳೀತೀರಿ? ಬನ್ನಿ, ತಗೊಂಡೇ ಬಿಡೋಣ” ಎಂದು ಹೆಂಡತಿಯೇ ಎಳೆದುಕೊಂಡು ಬಂದಿದ್ದಳು.

ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಮಾರುವವನ ಅಂಗಡಿಯೆಂದರೆ ಅಂಟಿನ ವಾಸನೆಯ ಒಂದೇ ಕೋಣೆ. ಅವನು ಸಣ್ಣ ಪೆಟ್ಟಿಗೆಯೊಂದನ್ನು ಮುಂದಿಟ್ಟ. “ಹೊಸದಾಗಿ ಕಲಿಯೋರಿಗೆ ಇದೇ ಸರಿ ಯಜಮಾನ್ರೆ. ಐದು ಕೆಜಿ.”

“ನನ್ನ ಊಟದ ಡಬ್ಬಿನೇ ಇದಕ್ಕಿಂತ ತೂಕ! ಆ ದೊಡ್ಡದು ಕೊಡು.”

“ಅದು ಹನ್ನೊಂದು ಕೆಜಿ...”

“ನೂರು ಕೆಜಿ ಹೊತ್ತೋನಯ್ಯಾ ನಾನು!”

ಜಂಭಕ್ಕೆ ಮದ್ದಿಲ್ಲ ನೋಡಿ. ಬಗ್ಗಿ, ಬಲಗೈಯಲ್ಲಿ ಸೆಳೆದು, ದೊಡ್ಡ ಪೆಟ್ಟಿಗೆಯನ್ನು ಮೂಟೆಯ ಹಾಗೆ ಬೆನ್ನಿಗೆ ಹಾಕಿಕೊಂಡು ಕೋಣೆಯಲ್ಲಿ ಎರಡು ಸುತ್ತು ಬಂದ. “ನೋಡು, ಹೂವು!”

“ಹೊರೋಕಲ್ಲ ರೀ, ನುಡಿಸೋಕೆ” ಎಂದು ಹೆಂಡತಿ ನಕ್ಕಳು.

ರಿಪೇರಿಯವನು ಸ್ಟೂಲಿನ ಮೇಲೆ ಕೂರಿಸಿ ಪೆಟ್ಟಿಗೆಯನ್ನು ಎದೆಗೆ ಕಟ್ಟಿದ. ಗಲ್ಲ ಅಂಚಿಗೆ ತಾಗಿತು. “ಎಡಗೈ ಪಟ್ಟಿಯೊಳಗೆ ತೂರಿಸಿ. ಎಳೆಯೋದು, ಒತ್ತೋದು ಎಲ್ಲಾ ಆ ಕೈದೇ.”

ಎಡಗೈ! ಚಿಕ್ಕಂದಿನಲ್ಲಿ ಕ್ರೇನ್ ಕ್ಷೌರಿಕನ ಬೆರಳುಗಳನ್ನಷ್ಟೇ ನೋಡಿದ್ದ, ತೋಳನ್ನು ನೋಡಿರಲಿಲ್ಲ. ಹಲ್ಲು ಕಚ್ಚಿ ಎಳೆದ. ತಿದಿ ಗೇಣುದ್ದ ತೆರೆದು ನಿಂತಿತು. ಭುಜಕ್ಕೆ ಕಾದ ಸಲಾಕೆ ಇಟ್ಟಂತಾಯಿತು. ಪೆಟ್ಟಿಗೆ ದಮ್ಮು ಹತ್ತಿದವನಂತೆ ಗೊರ್ ಎಂದು ಸುಮ್ಮನಾಯಿತು.

“ಕೆಟ್ಟ ಮಾಲು ಇಟ್ಕೊಂಡು ವ್ಯಾಪಾರ ಬೇರೆ!” ಎಂದು ರೇಗಿದ.

ರಿಪೇರಿಯವನು ಅದನ್ನೇ ಎದೆಗೆ ಹಾಕಿಕೊಂಡು ನುಡಿಸಿದ. ನಾದ ಕೋಣೆ ತುಂಬಿತು.

“ಬೇಡ ಬಿಡು. ನಡಿಯೇ” ಎಂದ ಅವನು, ಹೆಂಡತಿಯ ಮುಖ ನೋಡದೆ.

ಅವಳು ಕದಲಲಿಲ್ಲ. “ಎರಡು ತಿಂಗಳಿಂದ ಎಡಗೈ ಎತ್ತಲಾರದೆ ಅಂಗಿಗೆ ಆ ತೋಳೇ ಮೊದಲು ತೂರಿಸ್ತಿದ್ದೀರಿ. ನಾನೇನು ಕುರುಡಿನಾ? ಬಾಯಿಬಿಟ್ಟು ಹೇಳ್ತೀರೇನೋ ಅಂತ ಕಾದೆ.”

“ಮೇಸ್ತ್ರಿಗೆ ಗೊತ್ತಾದ್ರೆ...”

“ನಾಳೆ ನೀವೇ ಹೇಳಿ. ನಾನು ಗೇಟಿನ ಹತ್ರ ನಿಂತಿರ್ತೀನಿ.”

ಅವನು ಸಣ್ಣ ಪೆಟ್ಟಿಗೆಗೆ ಕೈ ಚಾಚಿದ. ಎಳೆದ. ನೋವು ಇದ್ದೇ ಇತ್ತು, ಆದರೂ ಒಂದು ಸ್ವರ ಬಂತು, ಸ್ವಲ್ಪ ಹೊತ್ತು ನಿಂತಿತು.

“ಇದನ್ನೇ ಕೊಡಪ್ಪ.”

ಬೀದಿಗಿಳಿದವನು ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಳ್ಳಹೋದ. ಹೆಂಡತಿ ಕಿತ್ತುಕೊಂಡು ಮುಂದೆ ನಡೆದಳು. ಕ್ರೇನ್ ಬರಿಗೈಯಲ್ಲಿ ಹಿಂಬಾಲಿಸಿದ, ಎರಡು ಕೈಗಳನ್ನೂ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ.