ಗೌರತ್ತೆಯ ಡಬ್ಬ ಟಿವಿ

ನಮ್ಮ ಹೊಳೆನರಸೀಪುರದ ಮನೆಗಳಿಂದ ಡಬ್ಬ ಟಿವಿಗಳು ಒಂದೊಂದಾಗಿ ಹೊರಬೀಳುತ್ತಿದ್ದ ಕಾಲ ಅದು. ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿ ಬಂತೆಂದರೆ ಸಾಕು, ಅಲ್ಲಿಯವರೆಗೆ ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ಮೆರೆದಿದ್ದ ಹಳೆಯದು ಹಿತ್ತಿಲು ಸೇರುತ್ತಿತ್ತು. ಅಂಥವನ್ನು ಕೇಳಿ ತಂದು, ಬಿಚ್ಚಿ, ಒಳಗಿನ ಸಾಮಾನನ್ನೆಲ್ಲ ಕಿತ್ತಿಟ್ಟುಕೊಳ್ಳುವುದು ನನ್ನ ಅಣ್ಣ ಶಿವುವಿನ ಹುಚ್ಚು. ಅವನು ಒಂಬತ್ತನೇ ಕ್ಲಾಸು, ನಾನು ಐದನೆಯದು. ಅವನ ಬಾಲ ಹಿಡಿದು ಅಲೆಯುವುದು ನನ್ನ ಹುಚ್ಚು.

ಹಿತ್ತಿಲ ಸೌದೆಮನೆಯೇ ನಮ್ಮ ವರ್ಕ್‌ಶಾಪು. ಟಿವಿಯ ಬೆನ್ನಿನ ಮುಚ್ಚಳ ತೆಗೆದ ಕೂಡಲೇ ವರ್ಷಗಟ್ಟಲೆ ಕಾದು ಕಮಟು ಹಿಡಿದ ಧೂಳಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಮ್ಮೊಮ್ಮೆ ಒಣಗಿದ ಹಲ್ಲಿಯೂ ಸಿಗುತ್ತಿತ್ತು.

"ಕೈ ಇಂದಕ್ಕೆ ಕಟ್ಕೊಂಡು ಮಣೆ ಮ್ಯಾಲೆ ನಿಂತ್ಕೊ. ಆಫ್ ಮಾಡಿದ್ರೂ ಒಳಗೆ ಕರೆಂಟು ಕೂತಿರ್ತದೆ ಕಣೆ, ಮುಟ್ಟಿದ್ರೆ ಎತ್ತಿ ಒಗೀತದೆ" ಎಂದು ಹೆದರಿಸುತ್ತಿದ್ದ.

ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಪಿಕ್ಚರ್ ಟ್ಯೂಬಿನ ರಬ್ಬರ್ ಟೋಪಿಯಡಿ ತೂರಿಸಿ ಟಪ್ಪೆಂದು ಕಿಡಿ ಹಾರಿಸುತ್ತಿದ್ದ. ಆಮೇಲೆ ಟ್ಯೂಬಿನ ಹಿಂದಿನ ತುದಿಯಲ್ಲಿರುವ ಸಣ್ಣ ಗಾಜಿನ ಮೊನೆಯನ್ನು ಇಕ್ಕಳದಿಂದ ಮುರಿಯುತ್ತಿದ್ದ. ಸುಯ್ ಅಂತ ಗಾಳಿ ಒಳಗೆ ನುಗ್ಗುತ್ತಿತ್ತು. ಹಾಗೆ ಮಾಡದೆ ಬಿಚ್ಚಿದರೆ ಟ್ಯೂಬು ಸಿಡಿಯುತ್ತದೆಂದು ಅವನ ಭಯ. ಹಾಗೆ ಮಾಡಿದ ಮೇಲೆ ಮಾತ್ರ ಆ ಟಿವಿಯನ್ನು ಯಾವ ಮೆಕ್ಯಾನಿಕ್ ಬಂದರೂ ಬದುಕಿಸಲಾರ.

ಕಿತ್ತ ರೆಸಿಸ್ಟರು, ಟ್ರಾನ್ಸಿಸ್ಟರುಗಳೆಲ್ಲ ಮಾತ್ರೆಯ ಡಬ್ಬಿಗಳಲ್ಲಿ ಬೆಚ್ಚಗಿರುತ್ತಿದ್ದವು. ಆ ದಸರಾ ರಜದಲ್ಲಿ ಅವನು ಒಂದು ಆಂಪ್ಲಿಫೈಯರ್ ಕಟ್ಟುತ್ತಿದ್ದ. ಒಂದು ಸ್ಪೀಕರು ಹಾಡುತ್ತಿತ್ತು, ಇನ್ನೊಂದು ಸ್ಪೀಕರು ಇನ್ನೂ ಸಿಕ್ಕಿರಲಿಲ್ಲ. ಮುಗಿದ ಮೇಲೆ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ನನ್ನ ಹೆಸರು ಬರೆಯುತ್ತೇನೆ ಎಂದಿದ್ದ. ನನಗೋ ತಡೆಯಲಾರದ ಆಸೆ.

ಎದುರು ಮನೆಯ ಗೌರತ್ತೆ ನಮಗೆ ನೆಂಟರಲ್ಲ. ಮಕ್ಕಳಿರಲಿಲ್ಲ. ಶಿವು ಎಂದರೆ ಪ್ರಾಣ. ಮಿಕ್ಸಿ ತಿರುಗಲಿಲ್ಲ, ಬಲ್ಬು ಹತ್ತಲಿಲ್ಲ ಅಂದರೆ "ನಮ್ ಶಿವು ಬತ್ತಾನೆ ಬುಡು" ಅನ್ನುತ್ತಿದ್ದರು. ಅವನಿಗೆಂದೇ ರವೆ ಉಂಡೆ ಎತ್ತಿಡುತ್ತಿದ್ದರು. ಹಿಂದಿನ ವರ್ಷ ಅವರ ಯಜಮಾನರು ತೀರಿಕೊಂಡಿದ್ದರು. ಅದಾದ ಸ್ವಲ್ಪ ದಿನಕ್ಕೆ ಅವರ ಮನೆಯ ಟಿವಿಯೂ ಕೆಟ್ಟು ಸುಮ್ಮನಾಗಿತ್ತು.

ಆಯುಧಪೂಜೆಗೆ ಎರಡು ದಿನ ಮುಂಚೆ ಆ ಟಿವಿ ಅವರ ಜಗಲಿಯ ಮೇಲೆ ಬಂದು ಕೂತಿತ್ತು. ನಾನು ಓಡಿಬಂದು ಶಿವುವಿಗೆ ಹೇಳಿದೆ.

"ಹಬ್ಬಕ್ಕೆ ಒರೆಸೋಕೆ ಈಚೆಗಿಟ್ಟಿರ್ತಾರೆ ಕಣೆ. ಯಾವುದಕ್ಕೂ ಕೇಳ್ಕೊಂಡು ಬಾ ಓಗು" ಎಂದ.

ಹೋದೆ. ಬಾಗಿಲಿಗೆ ಬೀಗ. ಮನೆಯೆಲ್ಲ ತೊಳೆದು, ಸಾಮಾನು ಜಗಲಿಗಿಟ್ಟು, ಹಬ್ಬದ ಒಗೆತಕ್ಕೆ ಕಂಬಳಿ ರಗ್ಗು ಹೊತ್ತು ಹೊಳೆಗೆ ಹೋಗಿದ್ದರು. ಪಕ್ಕದ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು. ಅವನು ಬಂದು ಕಾದು ನಿಂತು ಕೇಳಿದರೆ ಅತ್ತೆ ಅವನಿಗೇ ಕೊಟ್ಟುಬಿಟ್ಟರೆ? ಹೇಗೂ ಸತ್ತ ಟಿವಿ, ಶಿವು ಕೇಳಿದರೆ ಇಲ್ಲ ಅನ್ನುವರೇ? ಹಾಳಾದ ಬುದ್ಧಿ ಅಷ್ಟು ಬೇಗ ಲೆಕ್ಕ ಹಾಕಿತು.

"ತಗೊಂಡೋಗ್ಲಿ ಅಂದ್ಬುಟ್ಟು ಹೊಳೆಗೋದ್ರು" ಎಂದೆ ಅಣ್ಣನಿಗೆ.

ಅರ್ಧ ಗಂಟೆಯಲ್ಲಿ ಟಿವಿ ಸೌದೆಮನೆಯಲ್ಲಿತ್ತು. ಕಿಡಿ ಹಾರಿತು. ಗಾಜಿನ ಮೊನೆ ಮುರಿಯಿತು. ಸುಯ್ ಅಂದ ಆ ಸದ್ದು ಕೇಳಿ ನಾನು ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನ ಗೌರತ್ತೆ ಒದ್ದೆ ಸೀರೆಯಲ್ಲೇ ಹುಡುಕಿಕೊಂಡು ಬಂದರು. ಸೌದೆಮನೆಯ ಬಾಗಿಲಲ್ಲಿ ನಿಂತು, ನೆಲದ ಮೇಲೆ ಹರಡಿದ್ದ ತಂತಿ, ಬೋರ್ಡು, ಸ್ಪೀಕರುಗಳನ್ನೆಲ್ಲ ನೋಡಿದರು.

"ಯಾಕ್ಲಾ ಶಿವು ಇಂಗ್ ಮಾಡ್ದೆ? ಒಂದು ಮಾತು ಕೇಳ್ಬಾರ್ದಾಗಿತ್ತಾ? ಪ್ರತಿ ಹಬ್ಬಕ್ಕೂ ಅವ್ರೇ ಅದುಕ್ಕೆ ಹೂ ಮುಡಿಸಿ ಕುಂಕುಮ ಇಡ್ತಿದ್ರು ಕಣ್ಲಾ. ಹಬ್ಬ ಕಳುದ್ಮೇಲೆ ರಿಪೇರಿ ಮಾಡ್ಸವ ಅಂತಿದ್ದೆ. ಇನ್ನೊಂದ್ಸಲ ಜೋಡ್ಸಾಕಾಯ್ತದಾ?"

ಶಿವು ನನ್ನನ್ನೇ ನೋಡಿದ. ನಾನು ತಲೆ ತಗ್ಗಿಸಿ ಹೆಬ್ಬೆರಳಿನಿಂದ ನೆಲ ಕೆರೆದೆ.

"ಆಗಲ್ಲ ಅತ್ತೆ. ತಪ್ಪಾಯ್ತು, ಕೇಳ್ದೆ ತಗೊಂಡ್ಬುಟ್ಟೆ" ಎಂದ.

ಸಂಜೆ ಅಪ್ಪನಿಗೆ ಗೊತ್ತಾಯಿತು. "ಗಂಡ ಸತ್ತೋಳ್ ಮನೇಲಿ ಕಳ್ತನ ಮಾಡೋವಷ್ಟು ದೊಡ್ಡೋನಾದೇನ್ಲಾ?" ಎಂದು ಬೆಲ್ಟು ತೆಗೆದರು. ಮರುದಿನ ಅದೇ ಗುಜರಿಯವನನ್ನು ಕರೆದು ಮಾತ್ರೆ ಡಬ್ಬಿ, ಅರ್ಧ ಮುಗಿದ ಆಂಪ್ಲಿಫೈಯರು, ಬೆಸುಗೆ ಹಾಕುವ ಐರನ್ನು ಎಲ್ಲವನ್ನೂ ಚೀಲಕ್ಕೆ ಸುರಿಸಿದರು. ಶಿವು ಅಳಲಿಲ್ಲ. ನಾನು ಅತ್ತುಬಿಟ್ಟೆ, ಆದರೆ ನಿಜ ಬಾಯಿ ಬಿಡಲಿಲ್ಲ. ಬೆಲ್ಟಿಗೆ ಹೆದರಿದ್ದೆ.

ಆಯುಧಪೂಜೆಯ ದಿನ ಗೌರತ್ತೆ, ಅಪ್ಪ ವಾಪಸ್ಸು ಇಟ್ಟುಬಂದಿದ್ದ ಟಿವಿಯ ಖಾಲಿ ಡಬ್ಬಕ್ಕೇ ಕುಂಕುಮವಿಟ್ಟು ಚೆಂಡುಹೂವು ಮುಡಿಸಿದ್ದರು. ತೆರೆದ ಬಾಗಿಲಿನಿಂದ ನಾವಿಬ್ಬರೂ ಅದನ್ನು ನೋಡಿದೆವು.

ಅವರು ಜಗಳವಾಡಲಿಲ್ಲ, ಬೀದಿಯಲ್ಲಿ ಹೇಳಿಕೊಂಡು ತಿರುಗಲಿಲ್ಲ. ಶಿವುವನ್ನು ಕರೆಯುವುದನ್ನು ಮಾತ್ರ ಬಿಟ್ಟರು. ಮಿಕ್ಸಿ ಕೆಟ್ಟರೆ ಪೇಟೆಗೆ ಹೊತ್ತುಕೊಂಡು ಹೋಗುತ್ತಿದ್ದರು. ನನ್ನನ್ನು ಕರೆದು ಕೈಗೆ ರವೆ ಉಂಡೆ ಕೊಟ್ಟು, "ಇಲ್ಲೇ ಕೂತ್ಕೊಂಡು ತಿನ್ನವ್ವ" ಅನ್ನುತ್ತಿದ್ದರು. ನಾನು ಅಲ್ಲೇ ಕೂತು ತಿಂದೆ. ಥೂ, ಹೇಗೆ ಗಂಟಲಲ್ಲಿ ಇಳಿಯಿತೋ!

ಹದಿನೈದು ವರ್ಷವಾಯಿತು. ಶಿವು ಈಗ ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ಕೆಟ್ಟ ಆಟದ ಕಾರು ತಂದರೆ "ಅಪ್ಪಂಗೆ ಅದೆಲ್ಲ ಬರಲ್ಲ ಕಣಮ್ಮ" ಎಂದು ವಾಪಸ್ಸು ಕೊಡುತ್ತಾನೆ. ಅದನ್ನು ಕಿವಿಯಾರೆ ಕೇಳಿದ್ದೇನೆ.

ಕಳೆದ ತಿಂಗಳು ಗೌರತ್ತೆ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಇಬ್ಬರೂ ಹೋಗಿದ್ದೆವು. ಊಟಕ್ಕೆ ಕೂತಿದ್ದ ಶಿವು ಎರಡು ತುತ್ತು ತಿಂದು ಎದ್ದುಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಅವನ ಬಸ್ಸಿಗೆ ಕಾಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಅವತ್ತು ಅತ್ತೆ ಮನೇಲೇ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

"ಗೊತ್ತು ಕಣೆ. ಅವತ್ತೇ ಗೊತ್ತಾಯ್ತು."

ನಾನು ಅವನ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಅವನು ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬಸ್ಸು ಬರುವ ದಾರಿ ನೋಡುತ್ತ ಕೇಳಿದ.

"ಗೌರತ್ತೆಗೆ ಯಾವತ್ತಾದ್ರೂ ಹೇಳಿದ್ಯಾ?"

ಆ ಮನೆಗೆ ಅಷ್ಟು ವರ್ಷ ಹೋಗಿ ಬಂದು ಮಾಡಿದ್ದೆ. ನನ್ನ ಮದುವೆಯ ಮಾತು, ಮಗುವಿನ ಮಾತು ಎಲ್ಲ ಆಡಿದ್ದೆ. ಕೊನೆಗೆ ಹಾಸಿಗೆ ಹಿಡಿದಾಗ ಗಂಜಿಯನ್ನೂ ಕುಡಿಸಿದ್ದೆ.

"ಇಲ್ಲ" ಎಂದೆ.

ಬಸ್ಸು ಬಂತು. ಅವನು ಬಾಗಿಲ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟವನು ತಿರುಗಿದ.

"ಹೇಳ್ಬೇಕಾಗಿತ್ತು ಕಣೆ. ನಂಗಾಗಿ ಅಲ್ದಿದ್ರೂ, ಪಾಪ, ಅವ್ರಿಗಾದ್ರೂ ಒಬ್ಬ ಮಗ ಉಳೀತಿದ್ದ."