ಮುರಿಯಬೇಕಿದ್ದ ಬೋಲ್ಟು

ಪುಣೆಯ ಶಿವಾಜಿನಗರದ ಬಸ್ ನಿಲ್ದಾಣದ ಹಿಂದೆ ಒಂದು ಕಬ್ಬಿನ ಹಾಲಿನ ಅಂಗಡಿಯಿದೆ. ಪಕ್ಕದಲ್ಲಿ ಹಿಂಡಿ ಬಿಸಾಡಿದ ಸಿಪ್ಪೆಯ ಗುಡ್ಡೆ. ಮೊನ್ನೆ ಅದರ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಗ್ಲಾಸನ್ನು ಹಾಗೇ ಮೇಜಿನ ಮೇಲೆ ಇಟ್ಟುಬಿಟ್ಟೆ. ಎಷ್ಟೋ ವರ್ಷವಾಯಿತು. ಆ ವಾಸನೆಯ ಜೊತೆ ರಕ್ತದ ವಾಸನೆಯೂ ಬರುತ್ತದೆ ನನಗೆ...

ಅದೇ ಊರಿನ ಕೊಂಢವಾದಲ್ಲಿ, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರದೊಂದು ತಗಡಿನ ಶೆಡ್ಡಿತ್ತು. ಬೆಳಗಾವಿ ಕಡೆಯವರು. ಟ್ರ್ಯಾಕ್ಟರಿಗೆ ಜೋಡಿಸುವ ನೇಗಿಲು, ಬ್ಲೇಡು, ಬಕೆಟ್ಟು ತಯಾರಿಸುತ್ತಿದ್ದರು. ಧಾರವಾಡದಿಂದ ಮದುವೆಯಾಗಿ ಬಂದ ನಾನು ಅಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಓದಿ ಹೇಳುವವಳೂ ನಾನೇ. ಕಾಕಾನ ಸಿಟ್ಟು ಇಡೀ ಗಲ್ಲಿಗೇ ಗೊತ್ತಿತ್ತು. ಬೆಸುಗೆ ಸೊಟ್ಟಗಾದರೆ ಸುತ್ತಿಗೆ ಹಾರುತ್ತಿತ್ತು. ಒಮ್ಮೆ ವೆಲ್ಡರನ ಕಪಾಳಕ್ಕೆ ಬಾರಿಸಿ, ಅವನ ಹಲ್ಲು ಅಲ್ಲಾಡಿಸಿ, ಆಮೇಲೆ ತಾವೇ ಅವನನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದರು. ನನ್ನ ಸಿಟ್ಟೂ ಏನು ಕಡಿಮೆಯದಲ್ಲ. ಅವರು ಕೂಗುತ್ತಿದ್ದರು, ನಾನು ಮಾತು ಬಿಡುತ್ತಿದ್ದೆ.

ಆ ವರ್ಷ ಹಿಮಾಚಲದಿಂದ ಸೇಬಿನ ತೋಟದ ಮಾಲೀಕರೊಬ್ಬರು ಬಂದರು. ಹಿಂದೆ ಸೈನ್ಯದಲ್ಲಿದ್ದಾಗ ಪುಣೆಯಲ್ಲಿ ಇದ್ದವರು. ಅವರ ಮನೆಯಿಂದ ಡಾಂಬರು ರಸ್ತೆಗೆ ಅರ್ಧ ಕಿಲೋಮೀಟರ್ ಕಲ್ಲುಹಾದಿ. ಹಿಂದಿನ ಚಳಿಗಾಲದಲ್ಲಿ ಎದೆಮಟ್ಟ ಹಿಮ ಬಿದ್ದು, ಹೆರಿಗೆ ನೋವು ತಿನ್ನುತ್ತಿದ್ದ ಸೊಸೆಯನ್ನು ಹೊರಗೆ ತರಲಾಗದೆ ಆ ಹಾದಿಯಲ್ಲೇ ಕಳೆದುಕೊಂಡಿದ್ದರು. “ಈ ಸಲ ಹಾದಿ ಮುಚ್ಚಬಾರದು” ಎಂದು ಹಿಂದಿಯಲ್ಲಿ ಇಷ್ಟೇ ಹೇಳಿದರು. ಕಾಕಾ ಅಂದು ಸಂಜೆಯವರೆಗೂ ಯಾರ ಮೇಲೂ ಕೂಗಲಿಲ್ಲ.

ಹಿಮವನ್ನು ಕಣ್ಣಾರೆ ಕಾಣದವರು ನಾವು. ಬ್ಲೇಡು ಸಾಕು, ತಳ್ಳಿಕೊಂಡು ಹೋದರಾಯಿತು ಎಂದರು ಕಾಕಾ. ಹಾದಿಯ ಎರಡೂ ಕಡೆ ಕಲ್ಲಿನ ಗೋಡೆ, ತಳ್ಳಿದ ಹಿಮ ಎಲ್ಲಿ ಹೋಗಬೇಕು? ಬಕೆಟ್ಟಿನಲ್ಲಿ ತುಂಬಿ ತುಂಬಿ ಹೊರಗೆ ಸುರಿಯುವಷ್ಟರಲ್ಲಿ ಇನ್ನೊಂದು ಪದರ ಬಿದ್ದಿರುತ್ತದೆ. ಕೊನೆಗೆ ಉಳಿದದ್ದು ಎಂಜಿನ್ನಿನ ಬಲದಲ್ಲೇ ತಿರುಗುವ ಯಂತ್ರ. ಉಕ್ಕಿನ ಅಲಗುಗಳು ಹಿಮವನ್ನು ಕತ್ತರಿಸಿ ಒಳಗೆಳೆದು, ಮೇಲಿನ ಕೊಳವೆಯಿಂದ ಗೋಡೆಯಾಚೆ ಎಸೆಯುತ್ತವೆ. ಅಂಥ ಒಂದು ವಿದೇಶಿ ಯಂತ್ರದ ಕೈಪಿಡಿಯನ್ನು ತೋಟದವರೇ ತಂದುಕೊಟ್ಟರು. ಅದರ ಚಿತ್ರ ನೋಡಿ ಕಾಕಾ ಎರಡು ತಿಂಗಳಲ್ಲಿ ಯಂತ್ರ ಕಟ್ಟಿದರು.

ಪುಣೆಯಲ್ಲಿ ಪರೀಕ್ಷೆಗೆ ಹಿಮ ಎಲ್ಲಿಂದ ತರುವುದು? ಕಾಕಾ ಎರಡು ಟ್ರಾಲಿ ಕಬ್ಬಿನ ಸಿಪ್ಪೆ ತರಿಸಿ, ನೀರು ಹೊಡೆಸಿ, ತುಳಿಸಿ ಗಟ್ಟಿ ಮಾಡಿಸಿದರು. “ಅಲ್ಲಿ ಹಾದ್ಯಾಗ ಕಲ್ಲ ಇರ್ತಾವಲ್ಲ, ಇದರಾಗೂ ಹಾಕ್ರಿ” ಎಂದು ಮುಷ್ಟಿಗಾತ್ರದ ಕಲ್ಲನ್ನೂ ಬೆರೆಸಿದರು. ಯಂತ್ರ ಅಬ್ಬರಿಸಿ ಸಿಪ್ಪೆಯನ್ನು ಮಾಡಿನೆತ್ತರಕ್ಕೆ ಎರಚಿತು. ಅಷ್ಟರಲ್ಲಿ ಕಲ್ಲು ಸಿಕ್ಕಿಕೊಂಡು, ಅಲಗನ್ನು ದಂಡಕ್ಕೆ ಹಿಡಿದಿದ್ದ ಬೋಲ್ಟು ಟಪ್ಪೆಂದು ಮುರಿಯಿತು. ಬೇರೆ ಹಾಕಿದರು, ಅದೂ ಮುರಿಯಿತು. ಮೂರನೆಯದೂ ಹೋದಾಗ ಪಕ್ಕದ ಶೆಡ್ಡಿನವರು ಕೇಕೆ ಹಾಕಿ ನಕ್ಕರು.

ನಾನು ಕೈಪಿಡಿ ಹಿಡಿದು ಓಡಿದೆ. “ಕಾಕಾ, ಬೋಲ್ಟಿನ ಬಗ್ಗೆ ಇದರಾಗ ಬರದಾರ್ರಿ...”

ಅದನ್ನು ಕಿತ್ತು ಕುಲುಮೆಗೆ ಎಸೆದರು. “ಪೆನ್ನ ಹಿಡಿಯೋರು ನನಗ ಕಬ್ಬಿಣ ಕಲಸ್ತೀರೇನ?” ಬೋಲ್ಟು ಬಿಗಿಯಲು ಅವರ ಕೈಯಲ್ಲಿದ್ದ ಕಬ್ಬಿಣದ ಪಾನಾ ನನ್ನ ಕಿವಿಯ ಪಕ್ಕದಿಂದಲೇ ಹಾರಿ ತಗಡಿಗೆ ಬಡಿಯಿತು.

ಆ ಪುಟವನ್ನು ನಾನು ಓದಿದ್ದೆ. ಆ ಬೋಲ್ಟು ಮೆತ್ತನೆಯ ಕಬ್ಬಿಣದ್ದೇ ಆಗಿರಬೇಕು. ಕಲ್ಲು ಸಿಕ್ಕಿಕೊಂಡಾಗ ಅದು ಮುರಿದರೆ ಉಳಿದದ್ದೆಲ್ಲ ಉಳಿಯುತ್ತದೆ. ತಮ್ಮ ಶೆಡ್ಡಿನ ಒಂದು ಸಾಮಾನೂ ಮುರಿದು ವಾಪಸ್ ಬಂದಿಲ್ಲ ಎಂದು ಬೀಗುತ್ತಿದ್ದ ಮನುಷ್ಯನಿಗೆ ಇದು ಹೊಳೆಯುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತರು. ಮುಖ ನೋಡಲಿಲ್ಲ. “ತಂಗಿ, ಆ ಪುಸ್ತಕದಾಗ ಬೋಲ್ಟಿನ ಬಗ್ಗೆ ಏನರ ಇತ್ತೇನ?” ಅವರಿಗೆ ಕ್ಷಮೆ ಕೇಳಲು ಬರುತ್ತಿದ್ದದ್ದು ಅಷ್ಟೇ. ನನಗದು ಗೊತ್ತಿತ್ತು. ಆದರೂ ನನ್ನ ಕಿವಿಯಲ್ಲಿ ಆ ಪಾನಾದ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು.

“ಬೂದೀನ ಕೇಳ್ರಿ” ಎಂದೆ.

ಅವರು ಹೋಗಿ, ಇದ್ದುದರಲ್ಲೇ ಅತಿ ಗಟ್ಟಿಯಾದ ಉಕ್ಕಿನ ಬೋಲ್ಟು ತಂದು ಬಿಗಿದರು. ತೆಂಗಿನಕಾಯಿ ಒಡೆದರು. ಹೊಸ ಯಂತ್ರ ಯಾವುದಿದ್ದರೂ ಎಲ್ಲರನ್ನೂ ದೂರ ಸರಿಸಿ, ಪಕ್ಕದಲ್ಲಿ ತಾವೊಬ್ಬರೇ ನಿಲ್ಲುವುದು ಅವರ ಪದ್ಧತಿ. ಆಗಲೂ ಹೇಳಬಹುದಿತ್ತು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಾನು ಬಾಯಿಯನ್ನೇ ತೆರೆಯಲಿಲ್ಲ.

ಕಲ್ಲು ಸಿಕ್ಕಿತು. ಬೋಲ್ಟು ಮುರಿಯಲಿಲ್ಲ. ಅಲಗು ಮುರಿಯಿತು. ಅಂಗೈಯಗಲದ ಉಕ್ಕಿನ ಚೂರು ಯಂತ್ರದ ಪಕ್ಕದ ತಗಡನ್ನು ಸೀಳಿಕೊಂಡು ಬಂದು ಕಾಕಾನ ಹೊಟ್ಟೆಗೆ ಹೊಕ್ಕಿತು. ಅವರು ಸಿಪ್ಪೆಯ ಗುಡ್ಡೆಯ ಮೇಲೆ ಬಿದ್ದರು. ಬಿಳಿ ಸಿಪ್ಪೆ ನೋಡನೋಡುತ್ತ ಕೆಂಪಾಯಿತು...

ಟೆಂಪೊದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಗಾಯಕ್ಕೆ ಒತ್ತಿದ ನನ್ನ ಸೀರೆಯ ಸೆರಗು ತೊಯ್ದು ಭಾರವಾಗಿತ್ತು.

“ತಂಗಿ... ಪುಸ್ತಕದಾಗ ಏನ್ ಇತ್ತು?”

“ಮೆತ್ತನ್ನ ಬೋಲ್ಟ್ ಹಾಕಬೇಕಂತ್ರಿ ಕಾಕಾ. ಅದು ಮುರೀಬೇಕಂತ.”

“ಮುರದಿತ್ತಲ್ಲ... ಮೂರ ಸಲ” ಎಂದರು. ದವಾಖಾನೆ ಬರುವಷ್ಟರಲ್ಲಿ ಹೋಗಿಬಿಟ್ಟರು.

ಹೊಸ ಅಲಗು ಹಾಕಿ ಯಂತ್ರ ಮುಗಿಸಿದವನು ಹಿಂದೆ ಕಾಕಾನಿಂದ ಏಟು ತಿಂದಿದ್ದ ಅದೇ ವೆಲ್ಡರ್. ಮೆತ್ತನೆಯ ಬೋಲ್ಟುಗಳ ಒಂದು ಡಬ್ಬಿಯನ್ನೂ ಇಟ್ಟು ಹಿಮಾಚಲಕ್ಕೆ ಕಳಿಸಿದೆವು. ಆಮೇಲೆ ಶೆಡ್ಡಿಗೆ ಬೀಗ ಬಿತ್ತು.

ಮೊನ್ನೆ ಗ್ಲಾಸು ಮೇಜಿನ ಮೇಲಿಟ್ಟು ಕೂತಿದ್ದಾಗಲೇ ಫೋನ್ ಬಂತು. ಸೇಬಿನ ತೋಟದವರು. ಮೊದಲ ಹಿಮ ಬಿದ್ದಾಗ ಪ್ರತಿವರ್ಷ ಮಾಡುತ್ತಾರೆ. ಕಲ್ಲು ಸಿಕ್ಕಿ ಬೋಲ್ಟು ಮುರಿಯಿತಂತೆ, ಬೇರೆ ಹಾಕಿದರಂತೆ, ಹಾದಿ ತೆರೆದಿದೆಯಂತೆ.

“ಮುರೀತ್ರಿ ಕಾಕಾ” ಎಂದೆ. ನನ್ನ ದನಿ ಎಂಜಿನ್ನಿನ ಸದ್ದಿನಲ್ಲೂ ಕೇಳಿಸುವಷ್ಟು ಜೋರಾಗಿತ್ತು. ಅಂಗಡಿಯವನು ತಿರುಗಿ ನೋಡಿದ. ಏನಂದಿರಿ ಮೇಡಂ, ಏನಂದಿರಿ ಎಂದು ಆ ಕಡೆಯಿಂದ ಹಿಂದಿಯಲ್ಲಿ ಕೇಳುತ್ತಲೇ ಇದ್ದರು.